ಉಸಿರು ಬಿಡಬೇಡಿ, ಇನ್ನು ಇಪ್ಪತ್ತೇ ಫ್ರೇಮು

ನವರಾತ್ರಿಯ ಶನಿವಾರ ಸಂಜೆ. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟೊಂದರ ಮಹಡಿಮನೆ. ಅರಿಶಿನ ಕುಂಕುಮಕ್ಕೆ ಬಂದ ಐವರು ಹೆಂಗಸರು ರೇಷ್ಮೆ ಸೀರೆಯ ಮೇಲೆ ಜಾಕೆಟ್ಟು ತೊಟ್ಟು ಬಾಗಿಲಲ್ಲೇ ನಿಂತಿದ್ದಾರೆ. ಬನ್ನಿ ಬನ್ನಿ ಎನ್ನಬೇಕಾದ ಯಜಮಾನರು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಾರೆ. "ದಯವಿಟ್ಟು ಹೆಜ್ಜೆ ಇಡಬೇಡಿ, ಮರದ ನೆಲ, ಅದುರತ್ತೆ. ಇನ್ನು ಇಪ್ಪತ್ತೇ ಫ್ರೇಮು." ಗೊಂಬೆಗಳ ಎದುರು ಟ್ರೈಪಾಡಿನ ಮೇಲೆ ಕೂತ ಕ್ಯಾಮೆರಾ ಒಮ್ಮೆ ಕ್ಲಿಕ್ ಎನ್ನುತ್ತದೆ, ಫೋಕಸನ್ನು ಚೂರೇ ಚೂರು ಹಿಂದಕ್ಕೆ ಸರಿಸಿಕೊಂಡು ಮತ್ತೆ ಕ್ಲಿಕ್ ಎನ್ನುತ್ತದೆ. ಅಡುಗೆಮನೆಯಲ್ಲಿ ಕಡಲೆಕಾಳು ಉಸಲಿ ತಣ್ಣಗಾಗುತ್ತಿದೆ.

ಇವರನ್ನು ರಾಯರು ಎಂದರೆ ಸಾಕು. ಇಂಥ ರಾಯರು ಒಬ್ಬರೇ ಅಲ್ಲ. ವಾರದ ದಿನಗಳಲ್ಲಿ ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿ ನ್ಯೂಯಾರ್ಕಿನ ಆಫೀಸಿಗೆ ಹೋಗುವವರು. ಇರುವ ಊರೋ, ಮ್ಯಾಪಿನಲ್ಲಿ ನೋಡಿದರೆ ಪಂಚತಂತ್ರ. ಇಲ್ಲಿನ ಅಪಾರ್ಟ್‌ಮೆಂಟುಗಳ ಹೆಸರು ಫಾಕ್ಸ್ ರನ್, ಡಿಯರ್ ಕ್ರೀಕ್, ಕ್ವೇಲ್ ರಿಡ್ಜ್, ರೇವನ್ಸ್ ಕ್ರೆಸ್ಟ್. ಅಂದರೆ ನರಿ, ಜಿಂಕೆ, ಲಾವುಗೆ, ಕಾಗೆ. ಇವುಗಳನ್ನು ನೋಡಿಕೊಳ್ಳಲು ಹಂಟರ್ಸ್ ಗ್ಲೆನ್ ಎಂದು ಬೇಟೆಗಾರನ ಹೆಸರಲ್ಲೂ ಒಂದಿದೆ. ಇಂಥ ವಿಳಾಸ ಇರುವ ಮನುಷ್ಯ, ತೇಜಸ್ವಿಯನ್ನು ಓದಿಕೊಂಡು ಬೆಳೆದವನು, ಕ್ಯಾಮೆರಾ ಕೊಳ್ಳದೆ ಇರುವುದು ಹೇಗೆ?

ಅದರಲ್ಲೂ ಮೀಡಿಯಂ ಫಾರ್ಮ್ಯಾಟೇ ಆಗಬೇಕು. ಹಿಂದೆ ನಮ್ಮ ಸ್ಟುಡಿಯೋಗಳಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡು ಮೇಲಿನಿಂದ ಬಗ್ಗಿ ನೋಡುತ್ತಿದ್ದ ಯಾಶಿಕಾ ಡಬ್ಬಿ ಇತ್ತಲ್ಲ, ಅದೂ ಇದೇ ಜಾತಿಯದು. ಅದರಲ್ಲಿ ಒಂದು ರೋಲಿಗೆ 12 ಚಿತ್ರ. ಮದುವೆಯಲ್ಲಿ ಸ್ಟುಡಿಯೋದವರು ಧಾರೆಗೆ ಎರಡು, ಸಪ್ತಪದಿಗೆ ಒಂದು ಎಂದು ಲೆಕ್ಕ ಹಾಕಿ ಒತ್ತುತ್ತಿದ್ದರು. ರಾಯರ ಫ್ಯೂಜಿ ಜಿಎಫ್‌ಎಕ್ಸ್ 100ಎಸ್ 2021ರಲ್ಲಿ ಬಂದಾಗ ಬೆಲೆ 6,000 ಡಾಲರು, ಸೆನ್ಸರು 43.8 ಮಿ.ಮೀ. ಅಗಲ, 32.9 ಎತ್ತರ, 102 ಮೆಗಾಪಿಕ್ಸೆಲ್. ಅದರಲ್ಲಿ ರಾಯರು ಒಂದು ಚಿತ್ರಕ್ಕೆ 48 ಒತ್ತುತ್ತಾರೆ. ಹಳೆಯ ಲೆಕ್ಕದಲ್ಲಿ ನಾಲ್ಕು ರೋಲು, ಅಂದರೆ ಒಂದು ಸಣ್ಣ ಮದುವೆ.

ಕೊಂಡ ಕಥೆಯೂ ಸಾಧಾರಣದ್ದಲ್ಲ. ಮ್ಯಾನ್‌ಹ್ಯಾಟನ್ನಿನ ಒಂಬತ್ತನೇ ಅವೆನ್ಯೂದ ಬಿ ಅಂಡ್ ಎಚ್ ಅಂಗಡಿಯಲ್ಲಿ, ತಲೆಯ ಮೇಲೆ ಹಳಿಗಳಲ್ಲಿ ಸಾಮಾನಿನ ಬುಟ್ಟಿಗಳು ಓಡಾಡುವುದನ್ನು ನೋಡುತ್ತಾ ಕೊಳ್ಳಬೇಕೆಂಬುದು ಅವರ ಬಹುದಿನದ ಆಸೆ. ಬಿಡುವಿದ್ದ ಶನಿವಾರ ಗಂಟೆಗೂ ಹೆಚ್ಚು ರೈಲಿನಲ್ಲಿ ಕೂತು ಹೋದರು. ಬಾಗಿಲು ಹಾಕಿತ್ತು. ಯಹೂದಿಗಳ ಸಬ್ಬತ್ತು; ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ವೆಬ್‌ಸೈಟು ಕೂಡ ಆರ್ಡರು ತೆಗೆದುಕೊಳ್ಳುವುದಿಲ್ಲ. ಏಕಾದಶಿ ಮಾಡುವ ಮನೆತನದವರಾದ ರಾಯರಿಗೆ ಕೋಪ ಬರಲಿಲ್ಲ, ಗೌರವ ಹೆಚ್ಚಾಯಿತು. ದ್ವಾದಶಿಯ ಬೆಳಿಗ್ಗೆ, ಎಂದರೆ ಭಾನುವಾರ, ಮತ್ತೆ ಹೋಗಿ ಪಾರಣೆ ಮಾಡಿದರು.

ತೊಂದರೆ ಶುರುವಾದದ್ದು ಆಮೇಲೆ. ಸೆನ್ಸರು ದೊಡ್ಡದಾದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತದೆ. ಗೊಂಬೆಗಳ ಮುಂದಿನ ರಾಗಿ ಪೈರಿನ ಪಾರ್ಕು ಸ್ಪಷ್ಟವಿದ್ದರೆ ಶೆಟ್ಟಿ ಗೊಂಬೆಯ ಅಂಗಡಿ ಮಂಜು, ಶೆಟ್ಟಿಯ ಹೊಟ್ಟೆ ಮಿಂಚಿದರೆ ಮೇಲಿನ ಮೆಟ್ಟಿಲಿನ ಪಟ್ಟದ ಗೊಂಬೆಗಳಿಗೆ ಕಣ್ಣುಪೊರೆ. ಅಪರ್ಚರನ್ನು ಎಫ್ 22ಕ್ಕೆ ಮುಚ್ಚಿದರಾಯಿತಲ್ಲ ಎಂದರೆ, ಅಷ್ಟು ಸಣ್ಣ ಕಿಂಡಿಯಲ್ಲಿ ನುಸುಳುವ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. ಆದ್ದರಿಂದ ಎಫ್ 8ರಲ್ಲಿಟ್ಟು ಮುಂದಿನಿಂದ ಹಿಂದಕ್ಕೆ ಹೆಜ್ಜೆಹೆಜ್ಜೆಯಾಗಿ ತೆಗೆದು, ಒಂದೊಂದರಲ್ಲಿ ಚೂಪಾದ ಭಾಗವನ್ನು ಮಾತ್ರ ಹೆಕ್ಕಿ ಹೊಲಿಯಬೇಕು. ಇದೇ ಫೋಕಸ್ ಸ್ಟ್ಯಾಕಿಂಗ್. ನಮ್ಮ ಅಜ್ಜಿಯರ ಕೌದಿ, ಸಾಫ್ಟ್‌ವೇರಿನಲ್ಲಿ. ಲೆಕ್ಕದ ಪ್ರಕಾರ ಗೊಂಬೆಗಳಿಗೆ ಹದಿನೈದು ಸಾಕು. ಮಿಕ್ಕ ಮೂವತ್ತಮೂರು ಧೈರ್ಯಕ್ಕೆ.

ಚಟಕ್ಕೆ ಆದರ್ಶವೊಂದು ಬೇಕು. ಬ್ರಿಟಿಷ್ ಛಾಯಾಗ್ರಾಹಕ ಲೆವನ್ ಬಿಸ್ ಒಂದೊಂದು ಕೀಟಕ್ಕೆ 8,000ಕ್ಕೂ ಹೆಚ್ಚು ಚಿತ್ರ ತೆಗೆದು ಹೊಲಿದು 2016ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರದರ್ಶಿಸಿದವರು. 2022ರಲ್ಲಿ ಅಂಥವೇ ಚಿತ್ರಗಳು ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೂ ಬಂದವು. ರಾಯರು ನೋಡಿ ಬಂದವರೇ ಪ್ಲೇನ್ಸ್‌ಬರೋ ಪ್ರಿಸರ್ವಿನ ಸಾವಿರ ಎಕರೆಗೆ ನುಗ್ಗಿದರು. ಒಂದು ಸಣ್ಣ ವ್ಯತ್ಯಾಸ ಅವರ ಗಮನಕ್ಕೆ ಬಂದಿರಲಿಲ್ಲ: ಬಿಸ್ ಅವರ ಕೀಟಗಳು ಸತ್ತು ಸೂಜಿಗೆ ಸಿಕ್ಕಿಕೊಂಡವು. ರಾಯರವು ಜೀವಂತ, ಹಾರುತ್ತವೆ.

ಕೊನೆಗೊಮ್ಮೆ ಒಂದು ಸಿಕ್ಕಿತು. ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ, ಬೂದು ರೆಕ್ಕೆಯ ಮೇಲೆ ಕಪ್ಪು ಚುಕ್ಕೆ, ಒಳಗೆ ಕುಂಕುಮದ ಕೆಂಪು. ಏಷ್ಯಾದಿಂದ ಬಂದು ದ್ರಾಕ್ಷಿ ಬಳ್ಳಿಯ ರಸ ಹೀರುವ ಈ ಕೀಟ 2018ರಲ್ಲಿ ನ್ಯೂಜೆರ್ಸಿಗೆ ಕಾಲಿಟ್ಟಿತು. ಕಂಡಲ್ಲಿ ತುಳಿಯಿರಿ ಎಂದು ರಾಜ್ಯ ಸರ್ಕಾರವೇ ಜನರನ್ನು ಕೇಳಿಕೊಂಡಿದೆ. ರಾಯರು ಹೊಟ್ಟೆಯ ಮೇಲೆ ಮಲಗಿ, ಉಸಿರು ಬಿಗಿಹಿಡಿದು, ಮೂವತ್ತೇಳನೇ ಫ್ರೇಮಿಗೆ ಬಂದಿದ್ದರು. ಎಲ್ಲಿಂದಲೋ ಬಂದ ಆರು ವರ್ಷದ ಹುಡುಗನ ಸ್ನೀಕರ್ಸು ಮೂವತ್ತೆಂಟನೆಯದರಲ್ಲಿ ಬಿತ್ತು. "ಗಾಟ್ ಇಟ್!" ಎಂದ ಮಗುವಿನ ಬೆನ್ನು ತಟ್ಟಿದ ಅದರ ತಾಯಿ ರಾಯರ ಕಡೆ ನೋಡಿ ಹೆಮ್ಮೆಯಿಂದ ನಕ್ಕಳು. ಸ್ನೀಕರ್ಸಿನ ಹೊಲಿಗೆ ಮಾತ್ರ ಬಹಳ ಚೂಪಾಗಿ ಬಂದಿದೆ.

ಕನ್ನಡ ಕೂಟದ ಊಟದ ಸಾಲಿನಲ್ಲಿ ಇಂಥ ಇಬ್ಬರು ರಾಯರು ಹಿಂದುಮುಂದು ನಿಂತರೆ ಬಿಸಿಬೇಳೆಬಾತು ಹಿಂದಿನವರಿಗೆ ಸಿಗುವುದು ಕಷ್ಟ. ಚಿತ್ರ ಹೊಲಿಯುವ ಸಾಫ್ಟ್‌ವೇರಿನಲ್ಲಿ ಒಬ್ಬರದು ಹೆಲಿಕಾನ್ ಮತ, ಇನ್ನೊಬ್ಬರದು ಝೆರೀನ್ ಮತ. ಝೆರೀನಿನೊಳಗೂ ಪಿಮ್ಯಾಕ್ಸ್, ಡಿಮ್ಯಾಪ್ ಎಂದು ಎರಡು ಶಾಖೆ: ಕೂದಲು, ಮೀಸೆಯಂಥ ಸಣ್ಣ ಎಳೆಗೆ ಮೊದಲನೆಯದು, ನುಣುಪಾದ ಮೈಗೆ ಎರಡನೆಯದು. ದ್ವೈತಾದ್ವೈತಗಳಲ್ಲಾದರೂ ಊಟದ ಹೊತ್ತಿಗೆ ವಿರಾಮವಿದೆ.

ಅಂದಿನ ಗೊಂಬೆ ಚಿತ್ರ ಸಿದ್ಧವಾದಾಗ ರಾತ್ರಿ ಎರಡು ಗಂಟೆ. ಕುಂಕುಮಕ್ಕೆ ಬಂದವರು ಹೋಗಿ ಎಷ್ಟೋ ಹೊತ್ತಾಗಿತ್ತು. "ರೀ, ನಾನು ಆಗಲೇ ಫೋನಲ್ಲಿ ತೆಗೆದು ಕಳಿಸಿದೆ, ಎಲ್ಲಾ ಗೊಂಬೆ ಕಾಣತ್ತೆ" ಎಂದು ಹೇಳಿ ಹೆಂಡತಿ ಮಲಗಿದ್ದರು. ಆಕೆ ಹೇಳಿದ್ದು ಭೌತಶಾಸ್ತ್ರದ ಪ್ರಕಾರವೂ ಸರಿ. ಫೋನಿನ ಸೆನ್ಸರು ಉಗುರಿನಷ್ಟು, ಅದಕ್ಕೆ ಹತ್ತಿರವೂ ಒಂದೇ ದೂರವೂ ಒಂದೇ. ರಾಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಪಾರ್ಕಿನ ಪೈರಿನಿಂದ ಪಟ್ಟದ ರಾಣಿಯ ಮೂಗುತಿಯವರೆಗೆ ಎಲ್ಲವೂ ಚೂಪು. ದೀಪದ್ದೊಂದೇ ತಕರಾರು. ನಲವತ್ತೆಂಟು ಫ್ರೇಮಿನಲ್ಲಿ ನಲವತ್ತೆಂಟು ಕಡೆ ಬಾಗಿದ್ದ ಕುಡಿಯನ್ನು ಸಾಫ್ಟ್‌ವೇರು ಸೇರಿಸಿ ಅಗ್ನಿಗೆ ಏಳು ನಾಲಿಗೆ ಎಂಬುದನ್ನು ಸಾಬೀತು ಮಾಡಿತ್ತು. ಹೋಗಲಿ, ಶಾಸ್ತ್ರೋಕ್ತವಾಗಿದೆ ಎಂದು ಮೈಸೂರಿನ ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದರು. ಅದು ದಾರಿಯಲ್ಲೇ ಹಿಂಡಿ, 102 ಮೆಗಾಪಿಕ್ಸೆಲನ್ನು ಎರಡರ ಆಸುಪಾಸಿಗೆ ಇಳಿಸಿ ತಲುಪಿಸಿತು.

ಮೈಸೂರಿನಲ್ಲಿ ಆಗ ಬೆಳಿಗ್ಗೆ ಹನ್ನೊಂದೂವರೆ. ಅಮ್ಮನ ಫೋನು ತಕ್ಷಣ ಬಂತು.

"ಚೆನ್ನಾಗಿದೆ ಕಣೋ. ಶೆಟ್ಟಿ ಹಿಂದೆ ಅದೇನೋ ಕೈ?"

ರಾಯರು ಹಿಗ್ಗಿಸಿ ನೋಡಿದರು. ಯಾರೋ ಮೂವತ್ತೊಂದನೇ ಫ್ರೇಮಿನಲ್ಲಿ ಮೆಲ್ಲಗೆ ಕುಂಕುಮದ ಬಟ್ಟಲಿಗೆ ಕೈ ಹಾಕಿದ್ದಾರೆ. ಆ ಕ್ಷಣ ಫೋಕಸು ಅದೇ ಮೆಟ್ಟಿಲಿನ ಮೇಲಿತ್ತು. ಚೂಪಾದದ್ದನ್ನು ಬಿಡದ ಸಾಫ್ಟ್‌ವೇರು ಮಣಿಕಟ್ಟನ್ನೂ ನಾಲ್ಕು ಬಳೆಯನ್ನೂ ಇಟ್ಟುಕೊಂಡು ಮಂಜಾಗಿದ್ದ ತೋಳನ್ನೂ ಆ ಹೆಂಗಸನ್ನೂ ಕಿತ್ತುಹಾಕಿದೆ. ಇದನ್ನೆಲ್ಲ ಅಮ್ಮನಿಗೆ ಹೇಗೆ ಬಿಡಿಸಿ ಹೇಳುವುದೆಂದು ರಾಯರು ಗಂಟಲು ಸರಿಮಾಡಿಕೊಂಡರು.

"ಅದಿರಲಿ," ಎಂದರು ಅಮ್ಮ, "ಆ ಬಳೆ ಎಲ್ಲಿ ಮಾಡಿಸಿದ್ರಂತೆ, ಸ್ವಲ್ಪ ಕೇಳು."