ಎರಡು ಮಿಲಿಮೀಟರ್ ಮರ್ಯಾದೆ

ನಮ್ಮ ಬನಹಟ್ಟಿ ಕಡೆ ಕಟ್ಟಿಗೆಗೆ ಮರ್ಯಾದೆ ಸಿಗುವುದು ಅದರ ದಪ್ಪ ನೋಡಿ. ಬೀಳಗಿಯಿಂದ ವರ ನೋಡಲು ಬಂದವರೂ ಹುಡುಗನಿಗಿಂತ ಮೊದಲು ಮನೆಯ ತೊಲೆ ನೋಡುತ್ತಾರೆ. ತೊಲೆ ದಪ್ಪಗಿದ್ದರೆ ಹುಡುಗ ಸ್ವಲ್ಪ ತೆಳ್ಳಗಿದ್ದರೂ ನಡೆಯುತ್ತದೆ. ಇಂಥ ಊರಲ್ಲಿ ನನ್ನ ತಂಗಿಯ ಮಗ ಗಿಟಾರ್ ಮಾಡುತ್ತೇನೆಂದು ಹೊರಟ. ಅದರ ಪಕ್ಕೆಯ ಹಲಗೆ ಹೆಚ್ಚುಕಡಿಮೆ 2 ಮಿಲಿಮೀಟರ್ ಇರಬೇಕಂತೆ.

ಬಡಿಗ್ಯಾರ ಕಾಕಾ ಆ ಹಲಗೆಯನ್ನು ಎತ್ತಿ ಬಿಸಿಲಿಗೆ ಹಿಡಿದರು. “ತಮ್ಮಾ, ಇದು ಕಟಗಿ ಏನೋ, ಕಟಗಿ ಕೆತ್ತಿದ ಮ್ಯಾಲ ಉಳದ ಸಿಪ್ಪಿ ಏನೋ? ಮುಧೋಳ ನಾಯಿ ಪಕ್ಕಿ ಎಲುಬಾದರೂ ಇದಕ್ಕಿಂತ ದಪ್ಪ ಇರತಾವ.”

ಹುಡುಗನೂ ಬಿಡಲಿಲ್ಲ. ಹಲಗೆ ಬಾಗುವಾಗ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ದಪ್ಪ ಹೆಚ್ಚಿದಷ್ಟೂ ಹೊರಗಿನ ನಾರು ಹರಿಯುತ್ತದೆ ಎಂದ. ತೆಳು ಹಲಗೆಯನ್ನು ತೋಯಿಸಿ, ಕಾದ ಕೊಳವೆಗೆ ಒತ್ತುತ್ತ ಹೋದರೆ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಮೆತ್ತಗಾಗಿ ಮರ ಮಣಿಯುತ್ತದೆ, ತಣ್ಣಗಾದ ಮೇಲೆ ಆ ಬಾಗು ಹಾಗೇ ನಿಲ್ಲುತ್ತದೆ. ಕಷ್ಟವೆಲ್ಲ ಗಿಟಾರಿನ ನಡುವಿನಲ್ಲಿ. ಅಲ್ಲಿಯ ತಿರುವೇ ಬಿಗಿ, ಹಲಗೆ ಮುರಿಯುವುದೂ ಅಲ್ಲೇ.

ಮುರಿಯುವ ಮುನ್ನ ಮರ ಸಣ್ಣಗೆ ‘ಚಿಟ್’ ಅನ್ನುತ್ತದಂತೆ, ಕಿವಿಗೊಟ್ಟು ಕೇಳಬೇಕಂತೆ. ರಬಕವಿ-ಬನಹಟ್ಟಿಯಲ್ಲಿ ಇದು ಆಗುವ ಮಾತೇ? ಬೆಳಗಾದರೆ ಪವರ್‌ಲೂಮುಗಳ ಖಟಪಟ; ಗಂಡ-ಹೆಂಡಿರ ಜಗಳವೇ ಪಕ್ಕದ ಮನೆಗೆ ಕೇಳಿಸದೆ ವ್ಯರ್ಥವಾಗುವ ಊರು. ಕರೆಂಟು ಹೋದರೆ ಮಗ್ಗ ಸುಮ್ಮನಾಗುತ್ತದೆ ನಿಜ. ಆದರೆ ಹುಡುಗನ ಕೊಳವೆ ಕಾಯುವುದೂ ಕರೆಂಟಿನಿಂದಲೇ. ಹೀಗಾಗಿ ಕಾವಿದ್ದಾಗ ಚಿಟ್ ಕೇಳುತ್ತಿರಲಿಲ್ಲ, ಚಿಟ್ ಕೇಳುವಾಗ ಕಾವಿರುತ್ತಿರಲಿಲ್ಲ. ಮುರಿದ ಹಲಗೆಗಳನ್ನು ನೋಡಿ ನೇಕಾರ ಮಾವ ಮರುಗಿದರು: “ಎಳಿ ಹರದರ ನಾವು ಗಂಟ ಹಾಕತೇವಿ. ನೀ ಇದಕ್ಕ ಎಲ್ಲಿ ಗಂಟ ಹಾಕತಿ?”

ಈ ವಿಷಯದಲ್ಲಿ ನಮ್ಮ ಸೀಮೆಯ ಹಿರಿಯರೇ ಜಾಣರು. ಜಮಖಂಡಿಯನ್ನು ಆಳಿದ ಪಟವರ್ಧನರ ಭಾವುಬಂದರು ಮಿರಜಿನಲ್ಲೂ ಆಳಿದರು. ಆ ಮಿರಜಿನ ತಂಬೂರಿ, ಸಿತಾರುಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅವುಗಳ ಬುರುಡೆಗೆ ಬೇಕಾದ ಸೋರೆ ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆಯುತ್ತದೆ. ದುಂಡಗೆ ಬಾಗಿಸುವ ಕೆಲಸವನ್ನು ಬಳ್ಳಿಯೇ ಮಾಡಿ ಮುಗಿಸಿರುತ್ತದೆ. ಕೊಳವೆ ಬೇಡ, ಕರೆಂಟು ಬೇಡ, ಚಿಟ್ ಕೇಳುವ ಕಿವಿಯೂ ಬೇಡ.

ನಮ್ಮ ಹುಡುಗನಿಗೆ ಮಾತ್ರ ಬೀಟೆಯೇ ಬೇಕು. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ಬೀಟೆ ಬಿಟ್ಟು ಭಾರತದ ಬೀಟೆ ಹಿಡಿಯಿತೆಂದು ಅವನು ಹೇಳಿದಾಗ ನನಗೂ ಎದೆ ಉಬ್ಬಿತು. ಹಲಗೆಯ ದರ ಹೇಳಿದಾಗ ಇಳಿಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವನು ಜ್ಞಾನದ ಉತ್ಸಾಹದಲ್ಲಿ ಸ್ಪೇನಿನ ಆಂಟೋನಿಯೋ ದೆ ಟೋರೆಸ್‌ನ ಕಥೆಯನ್ನೂ ಹೇಳಿದ. ನಾದದಲ್ಲಿ ದೊಡ್ಡ ಪಾಲು ಮೇಲಿನ ಹಲಗೆಯದೆಂದು ತೋರಿಸಲು ಆ ಮಹಾನುಭಾವ 1862ರಲ್ಲಿ ಒಂದು ಗಿಟಾರಿನ ಬೆನ್ನು, ಪಕ್ಕೆಗಳನ್ನು ಕಾಗದದ ರಟ್ಟಿನಿಂದಲೇ ಮಾಡಿದನಂತೆ. ತಂಗಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ರಟ್ಟು ನಡೀತದೇನು? ಮನ್ಯಾಗ ಸೀರಿ ಬಾಕ್ಸ್ ರಾಶಿ ಬಿದ್ದಾವಲ್ಲೋ! ಅಷ್ಟು ರೊಕ್ಕಾ ಯಾಕ ಸುಟ್ಟಿ?” ಟೋರೆಸ್ ಸ್ಪೇನಿನಲ್ಲಿ ಗೆದ್ದಿದ್ದ, ಬನಹಟ್ಟಿಯಲ್ಲಿ ನಮ್ಮ ಹುಡುಗನನ್ನು ಸೋಲಿಸಿದ.

ಅಂತೂ ಪಕ್ಕೆಗಳು ಬಾಗಿ ಅಚ್ಚಿನೊಳಗೆ ಕುಳಿತವು. ಆಗ ಹೊಸ ಪೇಚು: ಮೇಲಿನ ಹಲಗೆ, ಬೆನ್ನು ಕೂಡಿಸಲು 2 ಮಿಲಿಮೀಟರ್ ಅಂಚಿನ ಮೇಲೆ ಅಂಟು ಎಲ್ಲಿ ನಿಲ್ಲಬೇಕು? ಅದಕ್ಕಾಗಿ ಒಳಗಿನಿಂದ ಅಂಚಿನುದ್ದಕ್ಕೂ ದಪ್ಪನೆಯ ಪಟ್ಟಿ ಕೂಡಿಸುತ್ತಾರೆ. ಬಡಿಗ್ಯಾರ ಕಾಕಾನ ಮುಖ ಅರಳಿತು: “ನೋಡಿದಿ? ಕಡೀಕ ದಪ್ಪಕ್ಕss ಬಂದಿ!” ಆದರೆ ದಪ್ಪ ಪಟ್ಟಿ ಬಾಗಲು ಅದರ ಮೈತುಂಬ ಗರಗಸದ ಗೀರು ಹಾಕಬೇಕು. ಆ ಕೆಲಸವನ್ನು ಕಾಕಾ ತಾವೇ ಕೂತು ಮಾಡಿದರು, ಯಾರೂ ಕರೆಯದಿದ್ದರೂ.

ಮುಗಿದ ಗಿಟಾರನ್ನು ಎತ್ತಿ ತೂಗಿ ನೋಡಿ ಅವರು ನನ್ನತ್ತ ತಿರುಗಿದರು. “ಮಾಸ್ತರ, ತೆಳು ಹಲಗಿನೂ ಭಾರ ತಡೀತದ ಬಿಡ್ರಿ. ನಿಮ್ಮ ಹೊಸಾ ಕಪಾಟಕ್ಕೂ ಎರಡss ಮಿಲಿಮೀಟರ್ ಹಾಕಲೇನು?”

“ಮಜೂರಿ ಎಷ್ಟು ಕಾಕಾ?” ಎಂದೆ.

“ಮಜೂರಿ ಮಾತ್ರ ದಪ್ಪಂದರ ಲೆಕ್ಕದಾಗರಿ.”