ಅಂಗಡಿ ಮೆಟ್ಟಿಲಿನ ಜೊತೆ ಐದು ನಿಮಿಷ

ಪುತ್ತೂರು ಪೇಟೆಯ ಒಂದು ಜನರಲ್ ಸ್ಟೋರ್. ಎದುರು ಚರಂಡಿ, ಚರಂಡಿಗೆ ಚಪ್ಪಡಿ, ಚಪ್ಪಡಿ ದಾಟಿದರೆ ಆರಾರು ಇಂಚಿನ ಎರಡು ಮೆಟ್ಟಿಲು. ಮಾತಿಗೆ ಸಿಕ್ಕಿದ್ದು ಮೇಲಿನದು.

ನಿಮ್ಮ ಮನೆತನ?
ಮುರಕಲ್ಲಿನ ವಂಶ. ಮೇಲೆ ಸಿಮೆಂಟು, ಅದರ ಮೇಲೆ ಈಚೆಗೆ ಜಾರುವ ಟೈಲ್ಸು. ಸುಳ್ಯದಲ್ಲಿ ಅಣ್ಣ, ಕಡಬದಲ್ಲಿ ತಂಗಿ. ನಾವಿಲ್ಲದ ಅಂಗಡಿ ಉಂಟಾ?

ಕೆಲಸ ಎಂತದು?
ನೀರು ತಡೆಯುವುದು. ಆಟಿಯ ಮಳೆಗೆ ಒಮ್ಮೆ ಬಂದು ನೋಡಿ. ಚರಂಡಿ ಉಕ್ಕಿದರೂ ಒಳಗಿನ ಕುಚ್ಚಲಕ್ಕಿ ಮೂಟೆಗೆ ಹನಿ ತಾಗಲು ಬಿಟ್ಟವನಲ್ಲ.

ನೀರಿನ ಜೊತೆಗೆ ಗಾಲಿಕುರ್ಚಿಯೂ ನಿಲ್ಲುತ್ತದಲ್ಲ?
ಅಂಥವರು ಈ ಅಂಗಡಿಗೆ ಬರುವುದೇ ಇಲ್ಲ ಮಾರಾಯ್ರೆ. ಇಷ್ಟು ವರ್ಷದಲ್ಲಿ ಒಬ್ಬರನ್ನೂ ಒಳಗೆ ಕಂಡಿಲ್ಲ.

ನೀವಿರುವುದರಿಂದ.
ಹಾಗೂ ಹೇಳಬಹುದು.

ಗೇರು ನಿಗಮದ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ನೆನಪುಂಟಾ? 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸುವ ಹೊತ್ತಿಗೆ ನಮ್ಮ ಈ ಮೂರು ತಾಲೂಕಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಚಾಪೆ ಹಿಡಿದಾಗಿತ್ತು.
(ತುಸು ಹೊತ್ತು ಸುಮ್ಮನಿದ್ದು) ಅದು ಮೇಲಿನಿಂದ ಬಂತು. ಅದಕ್ಕೆ ಯಾವ ಮೆಟ್ಟಿಲೂ ಹತ್ತಲಿಕ್ಕಿರಲಿಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. 2017ರ ನಿಯಮ ಬಂದ ಎರಡು ವರ್ಷದೊಳಗೆ ಖಾಸಗಿ ಸೇವೆಯವರೂ ದಾರಿ ಸರಿ ಮಾಡಬೇಕಿತ್ತು.
ಕಾಯ್ದೆ ಚಪ್ಪಡಿಯವರೆಗೆ ಬಂದಿರಬಹುದು. ನನ್ನನ್ನು ಹತ್ತಿಲ್ಲ.

ಕಣ್ಣು ಮಂಜಾದವರ ಗತಿ?
ರಿಸರ್ವ್ ಬ್ಯಾಂಕ್ ಅಂಥವರಿಗಾಗಿ 100ರ ನೋಟಿನ ಅಂಚಿಗೆ ನಾಲ್ಕು, 500ರದ್ದಕ್ಕೆ ಐದು ಗೆರೆ ಉಬ್ಬಿಸಿದೆ. ಧಣಿಗಳು ಆ ನೋಟು ಎಣಿಸುತ್ತಾರೆ. ನನ್ನ ಅಂಚಿಗೆ ಒಂದು ಹಳದಿ ಗೆರೆ ಎಳೆಯಲಿಕ್ಕೆ ಮಾತ್ರ ಪುರುಸೊತ್ತಿಲ್ಲ.

ಕೇಳಿದರೆ ಎಂತ ಹೇಳುತ್ತಾರೆ?
‘ಸಾಮಾನು ಹೊರಗೇ ತಂದು ಕೊಡ್ತೇವಲ್ಲ’ ಅಂತ. ಕೊಡುತ್ತಾರೆ, ಸುಳ್ಳಲ್ಲ. ಮಹಾಲಿಂಗೇಶ್ವರನ ಜಾತ್ರೆಗೆ ಮುಂಚೆ ಒಬ್ಬಳು ಹುಡುಗಿ ರಿಕ್ಷಾದಲ್ಲಿ ಬಂದಳು, ಬಳೆಗೆ. ಅಂಗಡಿಯ ಹುಡುಗ ಓಡಿಹೋಗಿ ಕೆಂಪು, ಹಸಿರು ಒಂದೊಂದು ಡಜನ್ ತಂದ. ಅವಳು ರಿಕ್ಷಾದಿಂದ ಕುತ್ತಿಗೆ ಚಾಚಿ ನನ್ನ ತಲೆಯ ಮೇಲಿಂದ ಒಳಗೇ ನೋಡುತ್ತಿದ್ದಳು. ಗೋಡೆ ತುಂಬ ಬಳೆ. ನೇರಳೆಯೂ ಇತ್ತು. ಹಸಿರು ತೆಗೆದುಕೊಂಡು ಹೋದಳು.

ಒಂದು ಇಳಿಜಾರು ಕಟ್ಟಿಸಬಹುದಲ್ಲ?
ಲೆಕ್ಕ ಗೊತ್ತುಂಟಾ? ಒಂದಕ್ಕೆ ಹನ್ನೆರಡು. ನಾವಿಬ್ಬರು ಸೇರಿ ಒಂದು ಅಡಿ ಎತ್ತರ, ಇಳಿಜಾರು ಹನ್ನೆರಡು ಅಡಿ ಬೇಕು. ಬಸ್ಸಿನ ಅಡಿಗೆ ಹೋದೀತು.

ರಸ್ತೆಗೆ ಯಾಕೆ? ಅಂಗಡಿಯ ಉದ್ದಕ್ಕೆ ಗೋಡೆಗೆ ತಾಗಿಸಿ ತಿರುಗಿಸಿ.
ಅಲ್ಲಿ ಪ್ಲಾಸ್ಟಿಕ್ ಬಕೆಟ್‌ಗಳು ಕೂತಿವೆ.

ಅಷ್ಟರಲ್ಲಿ ಅಕ್ಕಿಯ ಲಾರಿ ಬಂತು. ‘ಹಲಗೆ ಇಡಾ!’ ಎಂದು ಧಣಿಗಳು ಕೂಗಿದರು. ಅರೆ ನಿಮಿಷದಲ್ಲಿ ಬಕೆಟ್‌ಗಳು ಬದಿಗೆ ಸರಿದವು, ಅವುಗಳ ಹಿಂದಿನಿಂದ ಉದ್ದದ ಹಲಗೆಯೊಂದು ಹೊರಬಂದು ಮೆಟ್ಟಿಲಿನ ಮೇಲೆ ಮಲಗಿತು. ಮೂಟೆ ಹೊತ್ತ ತಳ್ಳುಗಾಡಿ ಸಲೀಸಾಗಿ ಒಳಗೆ ಉರುಳಿತು.

ಈ ಹಲಗೆ ಯಾವಾಗಲೂ ಇಲ್ಲೇ ಉಂಟಾ?
(ಹಲಗೆಯ ಅಡಿಯಿಂದ) ಉಂಟಲ್ಲ! ಮೂಟೆಗೆ ಕಾಲಿಲ್ಲ ಮಾರಾಯ್ರೆ, ಮತ್ತೆ ಹತ್ತುವುದು ಹೇಗೆ?