ಕಾಮಗಾರಿ ಪ್ರಗತಿಯಲ್ಲಿದೆ

ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಚರಂಡಿ ಅಗೆಯುವ ಕಡೆ ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತಾರೆ. ಮೇಸ್ತ್ರಿ ಸಿಮೆಂಟು ಕಲಸಿದರೆ “ನೀರು ಜಾಸ್ತಿ ಆಯ್ತಲ್ಲಯ್ಯಾ” ಅನ್ನುತ್ತಾರೆ. ಕಾಫಿಗೆ ಕರೆದರೆ ಮೊದಲು ನಿಮ್ಮ ಸೀಲಿಂಗಿನ ಬಿರುಕಿಗೆ ಕಾರಣ ಹೇಳಿ, ಆಮೇಲೆ ಲೋಟ ಮುಟ್ಟುತ್ತಾರೆ. ನಿವೃತ್ತ ಸರ್ಕಾರಿ ಇಂಜಿನಿಯರು. ಸರ್ಕಾರ ಪಿಂಚಣಿ ಕೊಟ್ಟು ಕಳಿಸಿದರೂ ಕಾಮಗಾರಿ ಇವರನ್ನು ಬಿಟ್ಟಿರುವುದಿಲ್ಲ. ವಿಜಯನಗರದ ನಮ್ಮ ರಸ್ತೆಯ ರಾಯರಿಗೆ ದೇವರು ಕಣ್ಣು ಬಿಟ್ಟು ಒಂದು ಆಮೆ ಕರುಣಿಸಿದ.

ಆಮೆ ಬೇಕೆಂದವನು ರಜೆಗೆ ಟೆಕ್ಸಾಸಿನಿಂದ ಬಂದಿದ್ದ ಮೊಮ್ಮಗ. ಯಾರೋ ನಕ್ಷತ್ರ ಆಮೆ ಕೊಡಿಸುತ್ತೇನೆಂದು ರಾಯರ ಕಿವಿಯಲ್ಲಿ ಪಿಸುಗುಟ್ಟಿದ್ದೂ ಉಂಟು. 1972ರ ವನ್ಯಜೀವಿ ಕಾಯ್ದೆ ತೆಗೆದು ನೋಡಿದ ರಾಯರು, “ಇಲಾಖಾ ವಿಚಾರಣೆ ಬೇರೆ, ಜೈಲು ಬೇರೆ” ಎಂದು ಕೈಮುಗಿದರು. ಕೊನೆಗೆ ಬಂದದ್ದು ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರುವ ಕೆಂಪು ಕಿವಿಯ ನೀರಾಮೆ. ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಕಣ್ಣಿನ ಹಿಂದೆ ಕುಂಕುಮ ಎಳೆದ ಹಾಗೆ ಕೆಂಪು ಗೆರೆ. ಇದರ ತವರು ಮಿಸಿಸಿಪ್ಪಿ ನದಿಯ ಸೀಮೆ. ಆದರೆ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ಅಂಟುತ್ತದೆಂದು, ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಯನ್ನು ಸಾಕಲು ಮಾರುವುದನ್ನು ಅಮೆರಿಕ 1975ರಲ್ಲೇ ನಿಷೇಧಿಸಿದೆ. ತನ್ನೂರಲ್ಲಿ ಸಿಗದ ಮರಿ ಹುಡುಗನಿಗೆ ಅಜ್ಜನ ಊರಲ್ಲಿ ಸಿಕ್ಕಿತು. ರಜೆ ಮುಗಿದು ಅಮೆರಿಕದ ಹುಡುಗ ವಿಮಾನ ಹತ್ತಿದ, ಅಮೆರಿಕದ ಆಮೆ ವಿಜಯನಗರದಲ್ಲಿ ಉಳಿಯಿತು.

“ಇಷ್ಟೇ ಸಾರ್, ಬೆಳೆಯಲ್ಲ” ಎಂದು ಅಂಗಡಿಯವನು ಒಂದೂವರೆ ಅಡಿಯ ಗಾಜಿನ ತೊಟ್ಟಿ ಕೊಟ್ಟಿದ್ದ. ಅದನ್ನು ಎಲ್ಲಿಡಬೇಕೆಂಬುದಕ್ಕೇ ಒಂದು ಸಭೆ ಆಯಿತು. ಆಮೆ ಹೊಕ್ಕ ಮನೆ ಉದ್ಧಾರವಾಗಲ್ಲ ಎಂದು ರಾಯರ ಅತ್ತೆ. ಉತ್ತರ ದಿಕ್ಕಿಗಿಟ್ಟರೆ ದುಡ್ಡು ಹರಿದು ಬರುತ್ತೆ ಎಂದು ಮಹಡಿ ಮನೆಯ ಬಾಡಿಗೆದಾರರು. ಎರಡೂ ಕಡೆಯ ವಾದ ಕೇಳಿದ ರಾಯರು ತೀರ್ಪಿತ್ತರು: “ಉತ್ತರಕ್ಕೆ ಪ್ಲಗ್ ಪಾಯಿಂಟ್ ಇಲ್ಲ.”

ತೊಟ್ಟಿ ದಕ್ಷಿಣದ ಕಿಟಕಿಯ ಕೆಳಗೆ ಬಂತು. ಗಾಜಿನೊಳಗಿಂದ ಬಿಸಿಲು ಬೀಳುತ್ತಿದ್ದುದರಿಂದ ದೀಪದ ಖರ್ಚು ಉಳಿಯಿತೆಂದು ರಾಯರು ಹಿಗ್ಗಿದರು. ಪಶುವೈದ್ಯರು ಆ ಹಿಗ್ಗಿಗೆ ನೀರೆರಚಿದರು. ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಮೈಗೆ ಹತ್ತಬೇಕು, ಅದಕ್ಕೆ ಡಿ3 ಬೇಕು, ಡಿ3ಗೆ ಬಿಸಿಲಿನ ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ತಡೆಯುವುದು ಆ ಕಿರಣವನ್ನೇ. ಉಳಿದ ಬಿಸಿಲು ಒಳಗೆ ಬಂದು ತೊಟ್ಟಿಯ ನೀರನ್ನು ಕಾಯಿಸುತ್ತದೆ, ಅಷ್ಟೇ. ಹಾಗಾಗಿ ಯುವಿಬಿ ದೀಪ ಬಂತು. ಆರು ತಿಂಗಳು, ವರ್ಷ ಕಳೆದರೆ ಅದೂ ಬದಲಾಯಿಸಬೇಕಂತೆ. ಬೆಳಕು ಇದ್ದಂತೆಯೇ ಇರುತ್ತದೆ, ಕಿರಣ ಮಾತ್ರ ಸತ್ತಿರುತ್ತದೆ. ನಮಗೆಲ್ಲ ಇದು ತಲೆಗೆ ಹೋಗಲಿಲ್ಲ. ರಾಯರಿಗೆ ಥಟ್ಟನೆ ಹೋಯಿತು. “ನಮ್ಮ ಆಫೀಸಿನಲ್ಲೂ ಹಂಗೇ. ಸೀಟಿನಲ್ಲಿ ಮನುಷ್ಯ ಇರ್ತಿದ್ದ.”

ತಳಕ್ಕೆ ಬಣ್ಣಬಣ್ಣದ ಸಣ್ಣ ಕಲ್ಲು ಹಾಸಿದ್ದರು. ಆಮೆ ಅದನ್ನು ನುಂಗಿದರೆ ಕರುಳು ಕಟ್ಟೀತೆಂದು ಗೊತ್ತಾದದ್ದೇ ತಡ, ಮನೆ ಮುಂದೆ ರಸ್ತೆಗೆಂದು ಸುರಿದಿದ್ದ 20 ಎಂಎಂ ಜಲ್ಲಿಯ ಮೇಲೆ ರಾಯರ ಕಣ್ಣು ಬಿತ್ತು. ಜೀವಮಾನವೆಲ್ಲ ಪಾಸು ಮಾಡಿದ ಜಲ್ಲಿ! ಆದರೆ ಅದರ ಅಂಚು ಚೂಪು. ಕಡೆಗೆ ಆಮೆಯ ತಲೆಗಿಂತ ದೊಡ್ಡದಾದ ನುಣುಪು ಹೊಳೆಗಲ್ಲುಗಳನ್ನೇ ಆರಿಸಿ ತಂದರು. ನೀರಿನಿಂದ ಮೇಲೆ ಬಂದು ಮೈ ಒಣಗಿಸಿಕೊಳ್ಳಲು ಒಂದು ಕಟ್ಟೆ, ಅದರ ಮೇಲೆ 32 ಡಿಗ್ರಿ ಕಾವು ಕೊಡುವ ಬಲ್ಬು, ಕಟ್ಟೆ ಹತ್ತಲು ಇಳಿಜಾರು. ಆ ಇಳಿಜಾರಿಗೆ ರಾಯರು ಹಾಕಿದ ಲೆಕ್ಕವನ್ನು ನಾಡಿನ ಘಾಟಿ ರಸ್ತೆಗಳಿಗೆ ಹಾಕಿದ್ದರೆ ಮಳೆಗಾಲದಲ್ಲಿ ನಾವೆಲ್ಲ ಊರು ಸೇರುತ್ತಿದ್ದೆವು.

ಮನೆಯ ಆರ್ಥಿಕ ಇಲಾಖೆ ಅವರ ಹೆಂಡತಿ. ಫಿಲ್ಟರಿನ ಕಡತ ಅವರ ಬಳಿ ಕೊಳೆಯುತ್ತಿತ್ತು, ಜೊತೆಗೆ ತೊಟ್ಟಿಯ ನೀರೂ. ಆಮೆ ಉಣ್ಣುವುದೂ ಉಳಿದದ್ದು ಮಾಡುವುದೂ ಒಂದೇ ನೀರಿನಲ್ಲಿ, ನೀರಿಲ್ಲದೆ ಅದಕ್ಕೆ ತುತ್ತು ನುಂಗಲಾಗದು. ವಾಸನೆ ಅಡುಗೆಮನೆಗೆ ತಲುಪಿದ ದಿನ ಮಂಜೂರಾತಿ ಸಿಕ್ಕಿತು, ಷರತ್ತಿನ ಮೇಲೆ: “ರೀ, ತೊಟ್ಟಿ ಸಾಮಾನು ನನ್ನ ಸಿಂಕಿಗೆ ತಂದ್ರೆ ನೋಡಿ. ಮುಟ್ಟಿದ ಕೈ ಸೋಪು ಹಾಕಿ ತೊಳೀಬೇಕು. ಆ ನೀರು ಚೆಲ್ಲಬೇಡಿ, ಗುಲಾಬಿಗೆ ಬೇಕು.”

ಇದೆಲ್ಲ ಮುಗಿದಾಗ ರಾಯರು ಒಂದು ವಾರ ಮಂಕಾಗಿದ್ದರು. ಮುಗಿದ ಕಾಮಗಾರಿಯಲ್ಲಿ ಏನಿದೆ? ಅವರನ್ನು ಉಳಿಸಿದ್ದು ಆಮೆ. ಭಾನುವಾರ ಭಾನುವಾರ ವರ್ನಿಯರ್ ಕ್ಯಾಲಿಪರ್ಸಿನಿಂದ ಚಿಪ್ಪು ಅಳೆದು ಮೆಷರ್‌ಮೆಂಟ್ ಬುಕ್ಕಿನಲ್ಲಿ ಬರೆದಿಡುತ್ತಿದ್ದರಲ್ಲ, ಅದು ಬೆಳೆಯುತ್ತಲೇ ಇತ್ತು. ಐದು ಅಂಗುಲಕ್ಕೆ ಬಂದಾಗ ಪಶುವೈದ್ಯರು ಮುಂಗಾಲು ನೋಡಿದರು. ಗಂಡಿಗೆ ಉದ್ದುದ್ದ ಉಗುರು, ಇದಕ್ಕೆ ಗಿಡ್ಡ. ಹೆಣ್ಣು, ಅಂದರೆ ಹತ್ತು ಅಂಗುಲ ದಾಟಬಹುದು. ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಎಂಬುದು ಸಾಕುವವರ ಲೆಕ್ಕ. ರಾಯರ ಮುಖಕ್ಕೆ ಕಳೆ ಬಂತು. ಪರಿಷ್ಕೃತ ಅಂದಾಜು! 400 ಲೀಟರ್, ಐದಡಿ ತೊಟ್ಟಿ, ನೀರಿನ ಭಾರವೇ 400 ಕಿಲೋ. ಬಾಲ್ಕನಿಯ ಸ್ಲ್ಯಾಬು ತಡೆಯುವುದೇ ಎಂದು ಎರಡು ರಾತ್ರಿ ಲೆಕ್ಕ ಹಾಕಿದರು. ಮನೆ ಕಟ್ಟಿಸಿದ್ದು ತಾವೇ ಎಂಬುದು ನೆನಪಾಗಿ ಬಾಲ್ಕನಿ ಬೇಡವೆಂದರು.

“ಕೆರೆಗೆ ಬಿಟ್ಟುಬಿಡಿ ಸಾರ್” ಅಂದೆ.

“ಏನ್ರೀ ಮಾತು! ಇದು ಹೊರಗಿನದು. ನಮ್ಮ ಕೆರೆ ಆಮೆಗಳ ಊಟಕ್ಕೂ ಬಿಸಿಲು ಕಾಯೋ ಜಾಗಕ್ಕೂ ಇದೇ ಅಡ್ಡ ಕೂರುತ್ತೆ. ಒತ್ತುವರಿ ಆಗಿರೋದು ಸಾಲದಾ ಕೆರೆಗೆ?”

ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಬಾಳುವ ಜೀವ, ರಾಯರಿಗೆ ಅರವತ್ತೇಳು. ವಿಡಿಯೋ ಕರೆಯಲ್ಲಿ ಮಗನಿಗೆ “ಮುಂದೆ ಇದು ನಿನ್ನ ಪಾಲಿಗೆ” ಎಂದರು. ಕೂಡಲೇ ಟೆಕ್ಸಾಸಿನಲ್ಲಿ ನೆಟ್‌ವರ್ಕ್ ಹೋಯಿತು.

ಐದಡಿ ತೊಟ್ಟಿಗೆ ಹಾಲಿನಲ್ಲಿ ಉಳಿದಿರುವುದು ಒಂದೇ ಗೋಡೆ. ಅಲ್ಲಿ ರಾಯರ ಶೋಕೇಸಿದೆ: ಬೀಳ್ಕೊಡುಗೆಯ ಸ್ಮರಣಿಕೆಗಳು, ಗಂಧದ ಹಾರ, ಮಂತ್ರಿಗಳ ಜೊತೆ ಗುದ್ದಲಿ ಹಿಡಿದ ಫೋಟೋ. ಅದನ್ನು ಎತ್ತಿಸಿದರೆ ಹಣ ಬಿಡುಗಡೆ ಎಂದು ಆರ್ಥಿಕ ಇಲಾಖೆ ಬರೆದು ಕಡತ ವಾಪಸು ಕಳಿಸಿದೆ. ಜೀವಮಾನವಿಡೀ ರಸ್ತೆಗೆ ಅಡ್ಡ ಬಂದವರ ಮನೆಗೆ ನೋಟಿಸು ಅಂಟಿಸಿದ ರಾಯರು, ಈಗ ದಿನವೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಪರಿಹಾರ ಎಷ್ಟು ಕೊಡ್ತೀಯ ಎಂದು ಕೇಳುತ್ತಿದ್ದಾರೆ.